ಬಿ ಅಣ್ಣ, ಸಿ ತಮ್ಮ

ಬೆಳಕವಾಡಿಯ ಸಿದ್ದರಾಜುವಿನ ಮನೆಯಲ್ಲಿ ಒಟ್ಟು ಐದು ಜನ ಸಿದ್ದರು. ದೊಡ್ಡಸಿದ್ದ, ನಡುಸಿದ್ದ, ಚಿಕ್ಕಸಿದ್ದ, ಕರಿಸಿದ್ದ, ಮತ್ತು ಸ್ಕೂಲಿಗೆ ಸೇರಿಸುವಾಗ ಮೇಷ್ಟರು ಕನಿಕರಪಟ್ಟು ಹಿಂದೆ ಒಂದು ರಾಜು ಜೋಡಿಸಿದ್ದರಿಂದ ಬಚಾವಾದ ನಮ್ಮ ಸಿದ್ದರಾಜು. ಆ ಮನೆಯ ಕಾನೂನು ಒಂದೇ: ಮೊದಲು ಹುಟ್ಟಿದವನು ದೊಡ್ಡವನು. ಬೆಳಿಗ್ಗೆ ಒಂಬತ್ತಕ್ಕೆ ಎದ್ದರೂ ಅವನೇ ದೊಡ್ಡವನು. ಏಳದೇ ಗೋಡೆಯ ಮೇಲೆ ಫೋಟೋ ಆದರೂ ಅವನೇ ದೊಡ್ಡವನು. ತಲೆಮಾರುಗಳಿಂದ ಈ ಕಾನೂನು ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ತೊಂದರೆ ಶುರುವಾದದ್ದು ಸಿದ್ದರಾಜು ಅದನ್ನು ಕಂಪ್ಯೂಟರಿಗೆ ಕಲಿಸಲು ಹೊರಟಾಗ.

ಸಿದ್ದರಾಜುವಿಗೆ ಮದ್ದೂರಿನ ಪೇಟೆ ಬೀದಿಯಲ್ಲಿ ಮೈಕ್ ಸೆಟ್ ಅಂಗಡಿ. ಮಂಡ್ಯಕ್ಕೊಂದು, ಮದ್ದೂರಿಗೊಂದು, ಮಳವಳ್ಳಿಗೊಂದು ಅಂತ ಮೂರು ಪ್ರಚಾರದ ಆಟೋಗಳು, ಒಂದೊಂದರ ನೆತ್ತಿಯ ಮೇಲೂ ಎರಡೆರಡು ಹಾರ್ನು. ನಾಳೆ ನೀರಿಲ್ಲ, ಮಗು ಕಳೆದಿದೆ, ಇಂಥವರು ತೀರಿಕೊಂಡರು, ಸೀರೆ ಅರ್ಧ ಬೆಲೆಗೆ, ಎಲ್ಲವೂ ಊರಿಗೆ ಗೊತ್ತಾಗುವುದು ಆ ಹಾರ್ನುಗಳಿಂದಲೇ. ಮೊದಲೆಲ್ಲ ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಓಡಬೇಕಿತ್ತು. ಮಂಡ್ಯದ ತಹಸೀನ್ ಎಂಬ ಇಂಜಿನಿಯರಮ್ಮ ಅದನ್ನು ತಪ್ಪಿಸಿ ಕ್ಲೌಡಿನಲ್ಲಿ ಒಂದು ಮಿಷಿನ್ನು ಬಾಡಿಗೆಗೆ ಹಿಡಿಸಿಕೊಟ್ಟರು. ಅದು ಎಲ್ಲಿದೆಯೋ ಯಾರೂ ಕಂಡವರಿಲ್ಲ. ಮುಂಬೈ ಕಡೆ ಇರಬೇಕು ಅಂತ ಅವರ ಅಂದಾಜು. ಅಂಗಡಿಯಲ್ಲಿ ಕೂತು ಪ್ರಚಾರ ಓದಿ ಅದರೊಳಗೆ ಹಾಕಿದರೆ ಸಾಕು, ಬೆಳಿಗ್ಗೆ ಒಂಬತ್ತಕ್ಕೆ ಮೂರೂ ಆಟೋಗಳ ಫೋನುಗಳು ತಾವೇ ಎಳೆದುಕೊಂಡು ಕೂಗಲು ಶುರು ಮಾಡುತ್ತವೆ.

ಸಿದ್ದರಾಜು ಬೋರ್ಡನ್ನು ‘ಸಿದ್ದರಾಜು ಸೌಂಡ್ಸ್ ಅಂಡ್ ಕ್ಲೌಡ್ಸ್’ ಎಂದು ಬದಲಾಯಿಸಿದ. ಪಕ್ಕದ ಪಂಕ್ಚರ್ ಅಂಗಡಿಯ ಕೆಂಪಸಿದ್ದಯ್ಯ ಅಂದಿನಿಂದ ದಿನಾ ಬೆಳಿಗ್ಗೆ “ಮಳೆ ಯಾವತ್ತು ಸಿದ್ದರಾಜು?” ಅಂತ ಕೇಳುತ್ತಾನೆ. ನಾನೂರನೇ ಸಲ ಕೇಳಿದಾಗಲೂ ಮೊದಲನೇ ಸಲದಷ್ಟೇ ನಗುತ್ತಾನೆ. ಅವನ ಉತ್ಸಾಹಕ್ಕೆ ಮಾತ್ರ ಎಂದೂ ಪಂಕ್ಚರ್ ಆದದ್ದಿಲ್ಲ.

ಓದುವವನು ನಾನು, ಸಂತೋಷ್, ಎಂ.ಎ. ಕನ್ನಡ. ಮಂಡ್ಯದ ಕಾಲೇಜಿನಲ್ಲಿ ಮೇಷ್ಟರುಗಳನ್ನು ಅಣಕಿಸಿ ಬೈಸಿಕೊಂಡವನು. ಕೊನೆಗೆ ಪದವಿ ಕೈ ಬಿಟ್ಟಿತು, ಅಣಕ ಅನ್ನ ಹಾಕಿತು. ನನಗಿಂತ ಮುಂಚೆ ಆ ಕುರ್ಚಿಯಲ್ಲಿ ಮೂವತ್ತು ವರ್ಷ ಕೂತವರು ಮಳವಳ್ಳಿಯ ಅಕ್ರಂ ಪಾಷಾ. ಅದು ಧ್ವನಿ ಎಂದರೆ ಧ್ವನಿ. “ನಾಳೆ ಬೆಳಿಗ್ಗೆ ಹತ್ತು ಗಂಟೆಯಿಂದ ಸಂಜೆ ಐದು ಗಂಟೆಯವರೆಗೆ ವಿದ್ಯುತ್ ಇರುವುದಿಲ್ಲ” ಅಂತ ಅವರು ಹೇಳಿದರೆ ಕರೆಂಟು ಹೋಗುವುದು ನಮ್ಮ ಒಳ್ಳೆಯದಕ್ಕೇ ಅನ್ನಿಸುತ್ತಿತ್ತು. ಸಾವಿನ ಸುದ್ದಿ ಕೂಗಿದರೆ ಸತ್ತವನ ಸಾಲಗಾರನೂ ಕಣ್ಣೊರೆಸಿಕೊಳ್ಳುತ್ತಿದ್ದ.

ಗಂಟಲು ಅವರಿಗೆ ಕಸುಬಿನ ಹತಾರ. ಬಡಗಿ ಉಳಿಯಿಂದ ಈರುಳ್ಳಿ ಹೆಚ್ಚುತ್ತಾನೆಯೇ? ಹಾಗೆ ಅವರು ಅದನ್ನು ಮನೆಯಲ್ಲಿ ಬಳಸುತ್ತಿರಲಿಲ್ಲ. ಉಪ್ಪು ಬೇಕಾದರೆ ಎರಡು ಬೆರಳು ಉಜ್ಜುವುದು, ನೀರು ಬೇಕಾದರೆ ಹೆಬ್ಬೆರಳು ಎತ್ತುವುದು, ಕೋಪ ಬಂದರೆ ಟೋಪಿ ತೆಗೆದು ಮತ್ತೆ ಹಾಕಿಕೊಳ್ಳುವುದು. “ಊರಿಗೆಲ್ಲ ಮಾತಾಡ್ಬುಟ್ಟು ಮನೆಗೆ ಖಾಲಿ ಗಂಟ್ಲು ತತ್ತಿದ್ರು” ಎನ್ನುತ್ತಿದ್ದರು ಅವರ ಹೆಂಡತಿ. ಹೆಂಡತಿಯ ಹೆಸರು ಸರ್ವರ್ ಬೇಗಂ. ಆದ್ದರಿಂದ ನಮ್ಮ ಅಂಗಡಿಯಲ್ಲಿ ಆ ಇಂಗ್ಲಿಷ್ ಪದ ನಿಷಿದ್ಧ. ನಾವು ಮಿಷಿನ್ನು ಎಂದೇ ಅನ್ನುವುದು. ಡೌನ್ ಆಗಿದೆ ಅಂತ ಒಮ್ಮೆ ನಾನು ಬಾಯಿ ತಪ್ಪಿ ಅಂದಾಗ ಸಿದ್ದರಾಜು ಎರಡು ದಿನ ನನ್ನನ್ನು ಮಾತಾಡಿಸಿರಲಿಲ್ಲ.

ಎರಡು ವರ್ಷದ ಹಿಂದೆ ಪಾಷಾ ಸಾಹೇಬರ ಎದೆಬಡಿತ ನಿಂತುಹೋಯಿತು. ಬೇಗಂ ಹತ್ತಿರ ಗಂಡನ ಫೋಟೋ ಬೇಕಾದಷ್ಟಿತ್ತು, ಮಾತು ಒಂದೂ ಇರಲಿಲ್ಲ. ಮದುವೆ ಮುಂಜಿಗಳ ವಿಡಿಯೋದಲ್ಲೆಲ್ಲ ಆ ಮನುಷ್ಯ ಹೆಬ್ಬೆರಳು ಎತ್ತಿಕೊಂಡೇ ಇದ್ದಾರೆ. ಗುರುವಾರ ಗಂಡಸರು ಹೂ ಹಿಡಿದು ಖಬರಸ್ಥಾನಕ್ಕೆ ಹೋಗುತ್ತಾರೆ. ಹೆಂಗಸರು ಹೋಗುವ ರೂಢಿ ಅವರ ಮನೆ ಕಡೆ ಇಲ್ಲ. ಹಾಗಾಗಿ ಬೇಗಂ ಪ್ರತಿ ಗುರುವಾರ ಮಳವಳ್ಳಿಯಿಂದ ಹತ್ತು ಗಂಟೆ ಬಸ್ಸು ಹಿಡಿದು ನಮ್ಮ ಅಂಗಡಿಗೆ ಬರುತ್ತಿದ್ದರು.

“ಯಾವ್ದು ಹಾಕ್ಲಿ ಭಾಬಿ?” ಅಂತ ಸಿದ್ದರಾಜು ಕುರ್ಚಿ ಒರೆಸುತ್ತ ಕೇಳುವುದು.

“ಯಾವ್ದಾದ್ರೂ ಹಾಕಿ ಅಣ್ಣ.”

ಸ್ಪೀಕರಿನಲ್ಲಿ ಪಾಷಾ ಸಾಹೇಬರು ಗಂಭೀರವಾಗಿ ಶುರು ಮಾಡುತ್ತಿದ್ದರು: “ಸಾರ್ವಜನಿಕರಲ್ಲಿ ವಿನಂತಿ. ಬಿಳಿ ಬಣ್ಣದ, ಎಡಗಿವಿ ಹರಿದ, ಗಬ್ಬದ ಮೇಕೆಯೊಂದು ಕಾಣೆಯಾಗಿದೆ...” ಬೇಗಂ ತಲೆಯ ಮೇಲೆ ಸೆರಗೆಳೆದುಕೊಂಡು, ಕಣ್ಣು ಮುಚ್ಚಿ, ಮೇಕೆಯ ವರ್ಣನೆಯನ್ನು ಪ್ರಾರ್ಥನೆಯ ಹಾಗೆ ಕೇಳುತ್ತಿದ್ದರು. ಮುಗಿದ ಮೇಲೆ ಕಣ್ಣೊರೆಸಿಕೊಂಡು ಕೇಳುತ್ತಿದ್ದರು, “ಸಿಕ್ತಾ ಅಣ್ಣ ಆ ಮೇಕೆ?”

“ಸಿಕ್ತು ಭಾಬಿ. ಎರಡು ಮರಿ ಆಕ್ತು.”

ಸಿದ್ದರಾಜುವಿನ ಲೆಕ್ಕದಲ್ಲಿ ಈ ಮೂರು ಊರುಗಳಲ್ಲಿ ಕಳೆದುಹೋದ ಮೇಕೆ, ಮಗು, ಮಾಂಗಲ್ಯದ ಸರ ಸಿಕ್ಕದೇ ಇದ್ದದ್ದೇ ಇಲ್ಲ.

ಪೆನ್‌ಡ್ರೈವ್ ಬಂದ ಮೇಲಿನ ಹನ್ನೊಂದು ವರ್ಷದ ಆ ಧ್ವನಿಯೆಲ್ಲ ಮಿಷಿನ್ನಿಗೆ ಜೋಡಿಸಿದ್ದ ಒಂದೇ ಡಿಸ್ಕಿನಲ್ಲಿತ್ತು. ಅದನ್ನು ಮಿಷಿನ್ನು ‘ಬಿ’ ಎಂದು ಕರೆಯುತ್ತಿತ್ತು. ಮದುವೆ ವಿಡಿಯೋ ವ್ಯಾಪಾರವನ್ನೂ ಹಿಡಿಯಬೇಕೆಂಬ ಆಸೆ ಹುಟ್ಟಿ ಸಿದ್ದರಾಜು ಎರಡನೇ ಡಿಸ್ಕೊಂದನ್ನು ಜೋಡಿಸಿದ. ಅದು ‘ಸಿ’ ಆಯಿತು. ತಹಸೀನ್ ಮಂಡ್ಯದಿಂದ ಫೋನಿನಲ್ಲಿ ಎಚ್ಚರಿಸಿದರು.

“ಅಣ್ಣಾ, ಆ ಅಕ್ಷರ ನಂಬ್ಕೋಬೇಡಿ. ಬಿ, ಸಿ ಅನ್ನೋದು ಡಿಸ್ಕಿನ ಹೆಸರೇ ಅಲ್ಲ. ಮಿಷಿನ್ ಆಫ್ ಆಗಿ ಆನ್ ಆದಾಗ ಯಾವ್ದು ಮೊದ್ಲು ಕಣ್ಣಿಗೆ ಬೀಳುತ್ತೋ ಅದಕ್ಕೆ ಬಿ ಅನ್ನುತ್ತೆ. ಇನ್ನೊಂದ್ಸಲ ಇನ್ನೊಂದು ಮೊದ್ಲು ಬಿದ್ರೆ ಅದು ಬಿ. ಒಂದೊಂದು ಡಿಸ್ಕಿಗೂ ಉದ್ದನೆ ನಂಬರ್ ಇದೆ, ಅದು ಸಾಯೋ ತನಕ ಬದಲಾಗಲ್ಲ. ಅದನ್ನ ಬರ್ಕೊಳ್ಳಿ.”

ಸಿದ್ದರಾಜುವಿಗೆ ಅಣ್ಣಂದಿರ ಪರವಾಗಿ ಸಿಟ್ಟು ಬಂತು. “ಇದ್ಯಾವ ನ್ಯಾಯ ಮೇಡಂ? ಮೊದ್ಲು ಎದ್ದೋನು ದೊಡ್ಡೋನಾ? ಅಂಗಿದ್ರೆ ಎಮ್ಮೆ ಕರೆಯಕ್ಕೆ ನಾಕು ಗಂಟೆಗೆ ಏಳೋ ನಮ್ಮ ಚಿಕ್ಕಸಿದ್ದ ಇಷ್ಟೊತ್ಗೆ ನಮ್ಮಪ್ಪ ಆಗ್ಬೇಕಿತ್ತು!”

ನಂಬರನ್ನು ಒಂದು ಸಲ ನೋಡಿದ. ಮೂವತ್ತಾರು ಅಕ್ಷರ, ಅಂಕಿ, ಗೀಟು. “ಕೋಳಿ ಕೆರೆದಂಗದೆ” ಅಂದು ಬಿಟ್ಟ. ಅದರ ಬದಲು ಅಂಗಡಿಯ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ: ‘ಬಿ ಅಣ್ಣ, ಪಾಷಾ. ಸಿ ತಮ್ಮ, ಖಾಲಿ.’ ಬಣ್ಣ ಮಾತ್ರ ಒಳ್ಳೆಯ ಕಂಪನಿಯದು.

ಬುಧವಾರ ತಮ್ಮನನ್ನು ತೊಳೆದು ಅಣಿಗೊಳಿಸಲು, ಅಂದರೆ ಫಾರ್ಮ್ಯಾಟ್ ಮಾಡಲು, ಕೂತ. ಅಷ್ಟರಲ್ಲಿ ಮದ್ದೂರಿನಲ್ಲಿ ಕರೆಂಟು ಹೋಯಿತು, ಹತ್ತು ನಿಮಿಷಕ್ಕೆ ಬಂತು. ಸಿದ್ದರಾಜು ಜವಾಬ್ದಾರಿಯುಳ್ಳ ಮನುಷ್ಯ. “ಪಾಪ, ಮಿಷಿನ್ನಿಗೂ ಏಟು ಬಿದ್ದಿರ್ತದೆ” ಅಂದು ಅದನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿದ.

“ಅಣ್ಣ, ಅದು ಮುಂಬೈಲದೆ. ಮದ್ದೂರು ಕರೆಂಟಿಗೂ ಅದಕ್ಕೂ ಏನ್ ಸಂಬಂಧ?” ಅಂದೆ.

“ನಮ್ಮನೆ ಮಿಷಿನ್ನಲ್ವೇನ್ಲಾ ಅದು?” ಅಂದ.

ಆಮೇಲೆ ಸಿ ಅನ್ನು ಅಳಿಸು ಎಂದು ಕೊಟ್ಟ. ಮಿಷಿನ್ನು ಕೆಲಸದಲ್ಲಿ ಅವನಿಗಿಂತ ಹುಷಾರು. ಇದರಲ್ಲಿ ಆಗಲೇ ಏನೋ ಇದೆಯಲ್ಲ, ಆದರೂ ಮುಂದುವರಿಯಲೇ ಅಂತ ಕೇಳಿತು. ನಾನು, “ವಸಿ ತಾಳಣ್ಣ, ಮೇಡಂ ಕೇಳಣ” ಅಂದೆ.

“ಒಸಾ ಟೀವಿ ಡಬ್ಬದೊಳ್ಗೆ ಥರ್ಮಾಕೋಲ್ ತುಂಬಿರಲ್ವಾ? ಕಂಪನಿಯೋರು ಇದ್ರಲ್ಲೂ ಏನೋ ತುರುಕವ್ರೆ ಬುಡು” ಅಂದು ಒತ್ತಿಯೇಬಿಟ್ಟ. ಥರ್ಮಾಕೋಲ್ ತೆಗೆಯುವುದಕ್ಕೂ ಆ ಅಳಿಸುವಿಕೆಗಿಂತ ಹೆಚ್ಚು ಹೊತ್ತು ಬೇಕು.

ಆನ್ ಆಗುವಾಗ ತಮ್ಮ ಮೊದಲು ಎದ್ದಿದ್ದ. ಮಿಷಿನ್ನು ಅವನನ್ನೇ ಬಿ ಅಂದಿತ್ತು. ತಡವಾಗಿ ಕಣ್ಣು ಬಿಟ್ಟ ಅಣ್ಣ ಸಿ ಆಗಿದ್ದ.

ಮಧ್ಯಾಹ್ನ ತಹಸೀನ್ ಮಂಡ್ಯದಿಂದ ಬಸ್ಸಿನಲ್ಲಿ ಬಂದರು. ಒಂದು ಗಂಟೆ ಕೂತು ತಡಕಾಡಿದರು. “ಡಿಸ್ಕಿಂದು ಸ್ನ್ಯಾಪ್‌ಶಾಟ್ ಏನಾದ್ರೂ ತೆಗೆದಿಟ್ಟಿದ್ರಾ?” ಅಂತ ಕೇಳಿದರು. ಅವರು ಕೇಳಿದ್ದು ಡಿಸ್ಕಿನ ಪೂರ್ತಿ ನಕಲನ್ನು. ಸಿದ್ದರಾಜು ಓಡಿ ಫೋನು ತಂದು, ತಾನು ಕಂಪ್ಯೂಟರಿನ ಪಕ್ಕ ನಿಂತು ತೆಗೆಸಿಕೊಂಡಿದ್ದ ಫೋಟೋ ತೋರಿಸಿದ. ಅವರು ಫೋಟೋವನ್ನು ಸ್ವಲ್ಪ ಹೊತ್ತು ನೋಡಿ, ಫೋನನ್ನು ಮೆಲ್ಲಗೆ ವಾಪಸು ಕೊಟ್ಟರು. ಬೈಯಲಿಲ್ಲ. ನಮಗೆ ನಿಜವಾಗಿ ಭಯವಾದದ್ದು ಆಗ.

“ಸಿಗಲ್ಲ ಅಣ್ಣ. ಇಲ್ಲಿ ಒರೆಸಿದ್ರೆ ಸ್ಲೇಟು ತೊಳೆದು ಬೇರೆಯವರಿಗೆ ಕೊಟ್ಟಂಗೆ.”

ಹಳೆಯ ಪೆನ್‌ಡ್ರೈವುಗಳು? ಎಲ್ಲ ಕ್ಲೌಡಿನಲ್ಲಿದೆಯಲ್ಲ ಅಂತ ಸಿದ್ದರಾಜು ಅವನ್ನೆಲ್ಲ ಡ್ರೈವರುಗಳಿಗೆ ಹಂಚಿ, ಅವರು ಅದರಲ್ಲಿ ಸಿನಿಮಾ ಹಾಡು ತುಂಬಿಸಿಕೊಂಡು ಎಷ್ಟೋ ಕಾಲವಾಗಿತ್ತು.

ಅಂಗಡಿಯ ಮುಂದೆ ಸಭೆ ಸೇರಿತು. ಎದುರಿಗೆ ಹೂ ಮಾರುವ ಪುಟ್ಟಮಾದಮ್ಮ ಸುದ್ದಿ ಕೇಳಿದ್ದೇ, “ಅಯ್ಯೋ ನನ್ನಪ್ಪ, ಸತ್ತೋರ್ನ ಇನ್ನೊಂದಪ ಸಾಯಿಸ್ಬುಟ್ಟಲ್ಲೋ!” ಅಂತ ಬುಟ್ಟಿ ಕೆಳಗಿಟ್ಟಳು. ಕೆಂಪಸಿದ್ದಯ್ಯ, “ನಾಳೆ ಗುರುವಾರ. ಅಂಗ್ಡಿ ಬಾಗ್ಲಾಕ್ಕೊಂಡು ಎಲ್ಲಾರ ಓಗ್ಬುಡು” ಅಂದ. “ಮುಂದಿನ್ ಗುರುವಾರ?” “ಆಗ್ಲೂ ಓಗು.” ಹೀಗೆ ಸಿದ್ದರಾಜು ಉಳಿದ ಆಯುಷ್ಯವನ್ನೆಲ್ಲ ಗುರುವಾರಗಳಂದು ಊರು ಬಿಟ್ಟು ಕಳೆಯುವುದು ಎಂದು ತೀರ್ಮಾನವಾಗುವುದರಲ್ಲಿತ್ತು, ಅಷ್ಟರಲ್ಲಿ ಅವನು ನನ್ನ ಕಡೆ ತಿರುಗಿದ.

“ಸಂತೂ,” ಅಂದ, “ಪಾಷಾ ಸಾಬ್ರ ಥರ ಒಂದು ಮೇಕೆ ಕಳೀತೀಯೇನ್ಲಾ?”

ಮೇಕೆ ಬೇಡ, ಮೊದಲ ಸಲಕ್ಕೆ ಕರೆಂಟು ಸಾಕು ಅಂದೆ. ಅವರ ‘ಗಂಟೆಯವರೆಗೆ’ಯ ಎಳೆತ, ‘ಸಹಕರಿಸಬೇಕಾಗಿ ಕೋರಿಕೆ’ಯ ಇಳಿತ, ನಡುವೆ ಒಂದು ಕೆಮ್ಮು, ಎಲ್ಲ ಹಾಕಿದೆ. ಕೇಳಿ ಸಿದ್ದರಾಜುವಿನ ಕಣ್ಣು ತುಂಬಿತು. “ಅವ್ರಿಗಿಂತ ಅವ್ರಂಗೇ ಅದೆ ಕಣ್ಲಾ” ಅಂದ.

ಗುರುವಾರ ಬೇಗಂ ಬಂದು ಕೂತರು. ನಾವು ನಾಲ್ವರು ಏನೂ ಆಗಿಲ್ಲವೆಂಬುದನ್ನು ಎಷ್ಟು ಜೋರಾಗಿ ಅಭಿನಯಿಸಿದೆವೆಂದರೆ, ಕೆಂಪಸಿದ್ದಯ್ಯ ಸರಿಯಿದ್ದ ಟ್ಯೂಬಿಗೇ ತೇಪೆ ಹಾಕುತ್ತಿದ್ದ. ಸ್ಪೀಕರಿನಲ್ಲಿ ನಾನು, ಅಂದರೆ ಪಾಷಾ ಸಾಹೇಬರು, ನಾಳೆ ಕರೆಂಟಿಲ್ಲ ಅಂದೆವು. ಪುಟ್ಟಮಾದಮ್ಮ ನಡುವೆ ಗೊಳೋ ಅಂತ ಅತ್ತು, “ಹೂವಿನ್ ವಾಸ್ನೆ ಕಣವ್ವ, ಕಣ್ಣಿಗಾಗಲ್ಲ” ಅಂದಳು. ಬೇಗಂ ಕಣ್ಣು ತೆರೆದರು.

“ಚೆನ್ನಾಗಿತ್ತು” ಅಂದರು.

ಸಿದ್ದರಾಜು ಅದನ್ನು ಪ್ರಶಸ್ತಿಯೆಂದು ತೆಗೆದುಕೊಂಡ. ನನಗೆ ಮಾತ್ರ ಏನೋ ಚುಚ್ಚಿತು. ಎರಡು ವರ್ಷದಲ್ಲಿ ಅವರು ಗಂಡನ ಧ್ವನಿ ಕೇಳಿ ಚೆನ್ನಾಗಿತ್ತು ಅಂದವರಲ್ಲ.

ಹೀಗೆ ನಾಲ್ಕು ಗುರುವಾರ ಕಳೆದವು. ನಾನು ಎರಡು ಮೇಕೆ, ಒಂದು ಉಂಗುರ ಕಳೆದೆ. ನನ್ನ ನಕಲಿ ಪಾಷಾಗಳನ್ನೆಲ್ಲ ಸಿದ್ದರಾಜು ಸಿ ಡಿಸ್ಕಿನಲ್ಲಿಟ್ಟ; ಆಟೋಗಳು ಎಳೆದುಕೊಳ್ಳುವ ದಿನದ ಪ್ರಚಾರ ಬಿ ಡಿಸ್ಕಿನಲ್ಲಿ. ಈ ಸಲವಾದರೂ ಲೇಬಲ್ ಹಾಕಿ ಎಂದು ತಹಸೀನ್ ಕೈಮುಗಿದು ಹೇಳಿದ್ದರು. ಸಿದ್ದರಾಜು ಎರಡು ಚೀಟಿ ಬರೆದು, ಅರಿಶಿನ ಕುಂಕುಮ ಹಚ್ಚಿ, ಅಂಗಡಿಯ ಮಾನಿಟರಿಗೆ ಅಂಟಿಸಿದ. ಐದನೆಯ ಬುಧವಾರ ಮದ್ದೂರಿನಲ್ಲಿ ಮತ್ತೆ ಕರೆಂಟು ಹೋಯಿತು. ಸಿದ್ದರಾಜು ಮತ್ತೆ ಮುಂಬೈಯನ್ನು ಆಫ್ ಮಾಡಿ ಆನ್ ಮಾಡಿದ. ಬಿ, ಸಿ ಮತ್ತೆ ಅದಲುಬದಲಾದವು.

ಗುರುವಾರ ಬೆಳಿಗ್ಗೆ ಒಂಬತ್ತು. ಮಂಡ್ಯದ ಡ್ರೈವರು, ಮದ್ದೂರಿನ ಡ್ರೈವರು ಇಬ್ಬರೂ ಹಳಬರು; ಪಾಷಾ ಸಾಹೇಬರ ಧ್ವನಿಯ ಮೊದಲ ಪದಕ್ಕೇ ಬೆವರಿ, ಬಂದ್ ಮಾಡಿ ಫೋನು ಮಾಡಿದರು. ಮಳವಳ್ಳಿ ಆಟೋದ ಪುನೀತ್ ಗೆಜ್ಜಲಗೆರೆಯ ಫ್ಯಾಕ್ಟರಿ ಕೆಲಸ ಬಿಟ್ಟು ತಿಂಗಳ ಹಿಂದೆ ಸೇರಿದವನು, ಪಾಷಾ ಸಾಹೇಬರನ್ನು ಕೇಳಿದವನೇ ಅಲ್ಲ. ಅವನು ವಾಲ್ಯೂಮು ಏರಿಸಿ ಪೇಟೆಯೊಳಗೆ ಹೊರಟ.

“ಸಾರ್ವಜನಿಕರಲ್ಲಿ ವಿನಂತಿ. ನಾಳೆ ಬೆಳಿಗ್ಗೆ ಹತ್ತು ಗಂಟೆಯಿಂದ...”

ಮಳವಳ್ಳಿ ಪೇಟೆಯ ಹೋಟೆಲಿನ ಚಿಕ್ಕಬೋರಯ್ಯ ಜಾಲರಿ ಸೌಟು ಹಿಡಿದೇ ಹೊರಗೆ ಬಂದ. “ಪಾಷಾ ಸಾಬ್ರು! ಎಲ್ಲೋಗಿದ್ರಪ್ಪ ಇಷ್ಟ್ ದಿನ!” ಅಂದು, ಒಳಗೆ ಕೂಗಿದ, “ಏಯ್, ನಾಳಿಕ್ಕೆ ಕರೆಂಟಿಲ್ವಂತೆ, ಮೂರು ದಿನದ್ ಹಿಟ್ಟು ಈಗ್ಲೇ ರುಬ್ಬಾಕ್ರಿ!” ಹೆಂಗಸರು ಬಿಂದಿಗೆ ಸಾಲಿಟ್ಟರು. ಹಿಟ್ಟಿನ ಗಿರಣಿಯ ಮುಂದೆ ಕ್ಯೂ ಬೆಳೆಯಿತು. ಟೈಲರು ನಾಳಿನ ಮದುವೆಯ ರವಿಕೆಗಳಿಗೆ ಇವತ್ತೇ ಕೂತ. ವಿದ್ಯುತ್ ಕಚೇರಿಯ ಫೋನು ಬಡಿದು ಬಡಿದು, ಕೊನೆಗೆ ಅಲ್ಲಿನ ಅಧಿಕಾರಿ ತಾವೇ ಪೇಟೆಗೆ ಬಂದು ನಿಂತರು.

“ನಾನು ಹೇಳ್ತಾ ಇದೀನ್ರೀ, ನಾಳೆ ಕರೆಂಟ್ ತೆಗೆಯಲ್ಲ!”

ಚಿಕ್ಕಬೋರಯ್ಯ ಅವರನ್ನು ಕನಿಕರದಿಂದ ನೋಡಿದ. “ಸಾ, ನೀವ್ ಬಂದು ಆರ್ ತಿಂಗ್ಳಾಯ್ತು. ಪಾಷಾ ಸಾಬ್ರು ಮೂವತ್ ವರ್ಸದಿಂದ ಯೋಳ್ತಾವ್ರೆ. ಒಂದ್ ದಿನ ಸುಳ್ಳಾಗಿಲ್ಲ. ನೀವೇ ವಸಿ ಆಪೀಸ್ನಲ್ಲಿ ಇನ್ನೊಂದಪ ಕೇಳಿ ನೋಡಿ.”

ಅಧಿಕಾರಿಗೂ ಒಂದು ಕ್ಷಣ ಅನುಮಾನ ಬಂದು, ಪಕ್ಕಕ್ಕೆ ಹೋಗಿ ಮಂಡ್ಯಕ್ಕೆ ಫೋನು ಮಾಡಿದರಂತೆ.

ನಾನೂ ಸಿದ್ದರಾಜುವೂ ಬೈಕಿನಲ್ಲಿ ಮಳವಳ್ಳಿ ತಲುಪುವ ಹೊತ್ತಿಗೆ ಪುನೀತನ ಆಟೋ ಬೇಗಂ ಮನೆಯ ಬೀದಿಯಲ್ಲಿ ನಿಂತಿತ್ತು. ಬೇಗಂ ಅದರ ಮುಂದೆ ಅಡ್ಡವಾಗಿ ನಿಂತಿದ್ದರು. ಬಸ್ಸಿಗೆ ಹೊರಡಲು ಉಟ್ಟ ಸೀರೆಯಲ್ಲೇ ಇದ್ದರು.

“ನಂಗೇನ್ ಗೊತ್ತಣ್ಣ, ಮಿಷಿನ್ನು ಕೊಟ್ಟಿದ್ನ ಕೂಗ್ದೆ” ಅಂದ ಪುನೀತ್.

ಸಿದ್ದರಾಜು ಬಾಯಿ ತೆರೆಯುವ ಮುಂಚೆ ಬೇಗಂ ಅಂದರು, “ಮೊದಲ್ನೇ ಗುರುವಾರನೇ ಗೊತ್ತಾಯ್ತು ಸಿದ್ದರಾಜಣ್ಣ. ಅವ್ರು ‘ಸಹಕರಿಸಬೇಕಾಗಿ’ ಅನ್ನೋಕ್ ಮುಂಚೆ ಉಸ್ರು ತಗೊಳ್ತಿದ್ರು. ಸಂತೋಷಪ್ಪ ತಗೊಳ್ನಿಲ್ಲ. ವಯಸ್ಸಿನೋರು, ಎದೆ ಗಟ್ಟಿ.”

“ಮತ್ತೆ... ಆಮೇಲೂ ಯಾಕ್ ಬತ್ತಿದ್ರಿ ಭಾಬಿ?”

“ನೀವು ನಾಲ್ಕು ಜನ ಅಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಾ ಇದ್ರಿ. ಎದ್ದು ಹೋಗಕ್ಕೆ ಮನಸಾಗ್ನಿಲ್ಲ.” ಅವರು ಹಾರ್ನಿನ ಕಡೆ ನೋಡಿದರು. “ಎಲ್ಲಾ ಹೋಯ್ತಾ ಅಣ್ಣ?”

“ಎಲ್ಲಾ ಭಾಬಿ.”

“ಆ ಎಡಗಿವಿ ಹರಿದಿದ್ದ ಮೇಕೆ?”

“ಅದೂವೆ.”

ಬೇಗಂ ಬಾಗಿಲ ಮೆಟ್ಟಿಲ ಮೇಲೆ ಕೂತುಕೊಂಡರು. ಸಿದ್ದರಾಜು ಬೀದಿಯ ಮಧ್ಯೆ ಕೈಕಟ್ಟಿಕೊಂಡು ನಿಂತ. “ಈಗ್ಲೇ ಸರಿ ಮಾಡುಸ್ತೀನಿ ಭಾಬಿ. ಕರೆಂಟು ಓಗಲ್ಲ ಅಂತ ಸಂತು ಕೈಲಿ ಕೂಗುಸ್ಬುಡ್ತೀನಿ” ಅಂದ.

“ಯಾರ ಗಂಟ್ಲಲ್ಲಿ?”

ಸಿದ್ದರಾಜು ಹಾರ್ನಿನ ವೈರು ಸರಿಮಾಡತೊಡಗಿದ.

“ನಿಮ್ಮ ಅಂಗ್ಡಿ ಒಳ್ಗೆ ಸುಳ್ಳಿದ್ರೆ ಇರ್ಲಿ ಅಣ್ಣ, ನನಗೊಬ್ಳಿಗೇ ತಾನೆ. ಬೀದಿಲಿ ಅವ್ರು ಒಂದು ಸುಳ್ಳು ಕೂಗಿದೋರಲ್ಲ. ಊರಿನ ಸಾವೆಲ್ಲಾ ಅವ್ರೇ ಕೂಗಿದ್ರು. ಅವ್ರು ಹೋದ್ ದಿನ ನೀವು ಗೌರವಕ್ಕೆ ಅಂತ ಮೂರೂ ಆಟೋ ನಿಲ್ಸಿದ್ರಿ. ಕೂಗೋರೇ ಇರ್ನಿಲ್ಲ. ಬೀದಿಯೋರು ಬಂದ್ರು, ಮಣ್ಣು ಮಾಡುದ್ರು. ಆಮೇಲೆ ಆರು ತಿಂಗ್ಳು ಅವರ ಹಳೇ ಧ್ವನಿನೇ ಪೇಟೆಲಿ ಓಡಾಡ್ಸಿದ್ರಿ. ಇವತ್ತಿಗೂ ತರಕಾರಿಗೆ ಹೋದ್ರೆ ಕೇಳ್ತಾರೆ, ಸಾಬ್ರು ಸೌಖ್ಯನಾ ಅಂತ. ನಾನು ಹ್ಞೂ ಅಂದ್ಕೊಂಡು ಬತ್ತೀನಿ.” ಅವರು ಸೆರಗು ಸರಿಮಾಡಿಕೊಂಡರು. “ಇವತ್ತು ಕೂಗ್ಬುಡಿ.”

ಸಿದ್ದರಾಜು ನನ್ನ ಕಡೆ ನೋಡಿದ.

“ಸಂತೋಷಪ್ಪ ಬೇಡ. ನೀವು.”

ಮೂವತ್ತೆರಡು ವರ್ಷ ಊರಿಗೆಲ್ಲ ಮೈಕು ಬಾಡಿಗೆಗೆ ಕೊಟ್ಟ ಆ ಮನುಷ್ಯ ಮೈಕಿನಲ್ಲಿ ಅದುವರೆಗೆ ಆಡಿದ್ದು ‘ಹಲೋ, ಚೆಕ್’ ಎರಡೇ ಪದ. ಪುನೀತ್ ಆಟೋ ನಿಧಾನವಾಗಿ ಪೇಟೆಯ ಕಡೆ ತಿರುಗಿಸಿದ. ನಾನು ಹಿಂದೆ ಕೂತು ಆಂಪ್ಲಿಫೈಯರ್ ಹಿಡಿದುಕೊಂಡೆ. ಸಿದ್ದರಾಜು ಮೈಕನ್ನು ಎರಡೂ ಕೈಯಲ್ಲಿ ಹಿಡಿದು, “ಹಲೋ... ಚೆಕ್” ಅಂದ. ಪೇಟೆಯವರು ತಲೆಯೆತ್ತಿದರು.

“ಸಾರ್ವಜನಿಕ್ರಲ್ಲಿ... ನಾನು ಮದ್ದೂರು ಸಿದ್ದರಾಜು. ನಾಳೆ ಕರೆಂಟು ಇರ್ತದೆ. ಪಾಷಾ ಸಾಬ್ರು ಇಲ್ಲ.”

ಆಟೋ ನಿಂತುಹೋಯಿತು. ಹಿಂದಿನ ಬೈಕಿನವನು ಹಾರ್ನ್ ಮಾಡಲು ಹೋಗಿ ಕೈ ತೆಗೆದ.

“ಬೆಳಿಗ್ಗೆ ಕೂಗಿದ್ದು ಅವ್ರಲ್ಲ. ಅವ್ರು ತೀರ್ಕೊಂಡವ್ರೆ. ಅವ್ರ ಧ್ವನಿ ಒಂದು ನನ್ ತಾವ ಇತ್ತು. ಅದ್ನ ನಾನು ಅಳಿಸ್ಬುಟ್ಟೆ. ಬೇಕಂತ ಅಲ್ಲ... ಎಲ್ರೂ... ಎಲ್ರೂ ಸಹಕರಿಸ್ಬೇಕು.”

ಮೊದಲು ಟೈಲರನ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ಆಮೇಲೆ ಗಿರಣಿ. ಚಪ್ಪಲಿ ಅಂಗಡಿಯವನು ಶಟರನ್ನು ಅರ್ಧಕ್ಕೆ ಎಳೆದ. ಅದನ್ನು ನೋಡಿ ಪಕ್ಕದವನು, ಅವನನ್ನು ನೋಡಿ ಅದರಾಚೆಯವನು. ಚಿಕ್ಕಬೋರಯ್ಯ ಮೊಣಕೈವರೆಗೂ ದೋಸೆ ಹಿಟ್ಟು ಮೆತ್ತಿಕೊಂಡೇ ನಡೆದು ಬಂದು ಆಟೋದ ಕಂಬಿ ಹಿಡಿದುಕೊಂಡ.

“ಮಣ್ಣು ಎಷ್ಟೊತ್ಗೆ ಸಿದ್ದರಾಜು? ನಾವೂ ಬತ್ತೀವಿ.”

“ಆಗೋಗದೆ ಬೋರಣ್ಣ.”

“ಯಾವಾಗ್ಲಾ?”

“ಎರಡ್ ವರ್ಸ ಆಯ್ತು.”

ಸಿದ್ದರಾಜು ಮೈಕು ಬಂದ್ ಮಾಡುವುದನ್ನು ಮರೆತಿದ್ದ. ಚಿಕ್ಕಬೋರಯ್ಯ ತನ್ನ ಕೈಯ ಹಿಟ್ಟು ನೋಡಿಕೊಂಡ, ಬೇಗಂ ಮನೆಯ ಬೀದಿಯ ಕಡೆ ನೋಡಿದ, ಆಮೇಲೆ ಕಣ್ಣನ್ನು ಸಿದ್ದರಾಜುವಿನ ಮುಖಕ್ಕೆ ತಿರುಗಿಸಿದ. ಬೋರಯ್ಯನ ಗಡಸು ಗಂಟಲು ನೆತ್ತಿಯ ಮೇಲಿನ ಎರಡೂ ಹಾರ್ನುಗಳಿಂದ ಪೇಟೆಯ ಎರಡೂ ತುದಿಗೆ ಕೇಳಿಸಿತು:

“ನಮ್ಗೆ ಯಾಕ್ಲಾ ಯೋಳ್ನಿಲ್ಲ?”